ಗಾಡಿಯ ವೇಳೆ, ದೇವರ ವೇಳೆ

ಬಂಗಾರಪೇಟೆಗೂ ಕುಪ್ಪಂಗೂ ನಡುವಣ ರೈಲುದಾರಿಯಲ್ಲಿ ಕಾಮಸಮುದ್ರವೆಂಬ ಪುಟ್ಟ ನಿಲ್ದಾಣವಿದೆ. ಬೆಂಗಳೂರು ದಂಡಿನಿಂದ ಜೋಲಾರಪೇಟೆಯವರೆಗಿನ ಈ ದಾರಿ ತೆರೆದುದು 1864ರಲ್ಲಿ. ಹೆಸರಿನಲ್ಲಿ ಸಮುದ್ರವಿದ್ದರೂ ಸುತ್ತ ಇರುವುದು ಬಂಡೆಗುಡ್ಡ, ರಾಗಿಯ ಹೊಲ. ಆಂಧ್ರ, ತಮಿಳುನಾಡುಗಳ ಗಡಿ ಸಮೀಪವಾದುದರಿಂದ ಕನ್ನಡ, ತೆಲುಗು, ತಮಿಳು ಮೂರೂ ಇಲ್ಲಿ ಕಿವಿಗೆ ಬೀಳುತ್ತವೆ.

ಈ ಸೀಮೆಯಿಂದ ನಸುಕಿನಲ್ಲೇ ಬುತ್ತಿ ಹಿಡಿದು ಬೆಂಗಳೂರಿನ ದುಡಿಮೆಗೆ ಹೊರಡುವವರು ಅನೇಕರು. ಬಂಗಾರಪೇಟೆಯಿಂದಲೇ ರಾಜಧಾನಿಗೆ ಸುಮಾರು 70 ಕಿಲೋಮೀಟರ್. ಹಿಂದಿರುಗುವಾಗ ದೀಪ ಹಚ್ಚಿ ಎಷ್ಟೋ ಹೊತ್ತಾಗಿರುತ್ತದೆ. ಇಂಥ ದಿನಚರಿಯಲ್ಲಿ ಕ್ರೈಸ್ತ ಸಂಸಾರಿಯೊಬ್ಬನು ದೇವರಿಗೆಂದು ಯಾವ ವೇಳೆಯನ್ನು ಎತ್ತಿಡಬೇಕು?

ನೆರೆಯ ಕೋಲಾರದ ಚಿನ್ನದ ಗಣಿಗಳ ಕಾಲದಲ್ಲಿ ಈ ಪ್ರಶ್ನೆಗೆ ಭಯವೇ ಉತ್ತರ ಹೇಳುತ್ತಿತ್ತು. ಚಾಂಪಿಯನ್ ರೀಫಿನ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಮಿಗಿಲಾಗಿ ಇಳಿದಿತ್ತು. ಬಂಡೆ ಒಮ್ಮೆಲೇ ಸಿಡಿದು ಜೀವ ತೆಗೆಯುತ್ತಿದ್ದುದೂ ಉಂಟು. ಪಾಳಿಗೆ ಇಳಿದವನು ಮೇಲೆ ಬರುವನೋ ಇಲ್ಲವೋ ಎಂಬಲ್ಲಿ ಪ್ರಾರ್ಥನೆಗೆ ಬಿಡುವು ಹುಡುಕಬೇಕಾಗಿರಲಿಲ್ಲ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆ ಭಯ ಹೋಯಿತು. ಅದರೊಡನೆ ಅನ್ನದ ದಾರಿಯೂ ಹೋಯಿತು. ಎಷ್ಟೋ ಮಂದಿ ಗಾಡಿ ಹಿಡಿದರು. ಅಪಾಯ ಕಲಿಸಿದ ಪ್ರಾರ್ಥನೆ ದಣಿವಿನಲ್ಲಿ ಉಳಿದೀತೇ ಎಂಬುದೇ ಈಗಿನ ಪರೀಕ್ಷೆ.

ಕಥೋಲಿಕ ಮನೆಗಳಲ್ಲಿ ಸಂಜೆ ಎಲ್ಲರೂ ಕುಳಿತು ಜಪಸರ ಹೇಳುವುದು ಹಳೆಯ ರೂಢಿ. ಹತ್ತು ಹತ್ತರಂತೆ ಐದು ಸುತ್ತು. ಕಾಲು ಗಂಟೆಗೆ ತುಸು ಹೆಚ್ಚು ಹಿಡಿದೀತು. ಆದರೆ ಗಾಡಿ ತಡವಾದರೆ? ಮನೆಯೊಡೆಯನಿಗಾಗಿ ಕಾದರೆ ಮಕ್ಕಳು ತೂಕಡಿಸುತ್ತಾರೆ. ಕಾಯದಿದ್ದರೆ ಅವನ ಜಾಗ ಬರಿದು. ಕಷ್ಟವಿರುವುದು ಭಕ್ತಿಯ ಕೊರತೆಯಲ್ಲಲ್ಲ, ಈ ಅಗಲಿಕೆಯಲ್ಲಿ.

ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಲಾರೆನ್ಸ್ ಎಂಬ ಸಹೋದರನಿದ್ದನು. ಅವನ ಕೆಲಸ ಅಡುಗೆಮನೆಯಲ್ಲಿ. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲಿರಬಹುದೆಂಬುದು ಅವನ ಅನುಭವ. ಅಡುಗೆಮನೆಗೆ ಒಪ್ಪಿದ ಮಾತು ರೈಲುಡಬ್ಬಿಗೂ ಒಪ್ಪುತ್ತದೆ. ಮನೆಯವರು ಏಳು ಗಂಟೆಗೆ ಜಪಸರ ತೊಡಗಿದರೆ, ಗಾಡಿಯಲ್ಲಿರುವವನೂ ಅದೇ ಏಳಕ್ಕೆ ತೊಡಗಬಹುದು. ಮಣಿಗಳಿಲ್ಲದಿದ್ದರೇನು, ಒಂದು ಸುತ್ತಿಗೆ ಹತ್ತು ಬೆರಳುಗಳಿವೆ.

ದೇವರ ವೇಳೆ ತಾನಾಗಿ ಸಿಕ್ಕುವ ಬಿಡುವಲ್ಲ, ಹೀಗೆ ಗೊತ್ತುಮಾಡಿಕೊಂಡ ಗಳಿಗೆ. ಕತ್ತಲಲ್ಲಿ ಗಾಡಿ ಕಾಮಸಮುದ್ರದಲ್ಲಿ ನಿಂತಾಗ, ಇಳಿದವನು ಮನೆಗೆ ತಡವಾಗಿ ಬಂದಿರಬಹುದು; ಪ್ರಾರ್ಥನೆಗೆ ತಡವಾಗಿರುವುದಿಲ್ಲ.