ಸೂಳೆಕೆರೆ: ಸರದಿಯ ನೀರು

ಊರಿಗೊಂದು ಕೆರೆ ಎಂಬುದು ಕನ್ನಡನಾಡಿನ ವಾಡಿಕೆ. ಕೆರೆಯೊಂದಕ್ಕೆ ಹಲವು ಊರು ಎಂಬುದು ಸೂಳೆಕೆರೆಯ ವಿಶೇಷ. ಚನ್ನಗಿರಿ ಸೀಮೆಯಲ್ಲಿ ಎರಡು ಗುಡ್ಡಗಳ ನಡುವಣ ಕಣಿವೆಯನ್ನು ಏರಿಯೊಂದರಿಂದ ಮುಚ್ಚಿ, ಹರಿದ್ರಾ ಎಂಬ ಹಳ್ಳವನ್ನು ತಡೆದು ನಿಲ್ಲಿಸಿದ ಈ ಜಲರಾಶಿಯ ಎದುರು ನಿಂತವನ ಕಣ್ಣಿಗೆ ಮೊದಲು ಬೀಳುವುದು ನೀರಿನ ವಿಸ್ತಾರ. ಮನಸ್ಸಿಗೆ ಹತ್ತುವುದು ಏರಿಯ ಬಿಗಿ. ಏರಿ ಬಹಳ ಉದ್ದವಾದುದಲ್ಲ. ಆದರೆ ಅದರ ಅಗಲ, ಎತ್ತರ, ಗಟ್ಟಿತನಗಳು ಅಸಾಧಾರಣವಾದುವು. ಎಲ್ಲಿ ಅತ್ಯಲ್ಪವಾದ ಅಡ್ಡಗಟ್ಟಿನಿಂದ ಅತ್ಯಧಿಕವಾದ ನೀರು ನಿಲ್ಲುವುದೋ ಆ ಒಂದು ಸ್ಥಳವನ್ನು ಕಂಡುಹಿಡಿದವರು ನೆಲವನ್ನು ಗ್ರಂಥದಂತೆ ಓದಬಲ್ಲವರಾಗಿದ್ದರೆನ್ನಬೇಕು. ಶತಮಾನಗಳ ಮಳೆಗಾಲಗಳು ಅವರ ಓದಿನಲ್ಲಿ ತಪ್ಪನ್ನು ಹಿಡಿಯಲಾಗಿಲ್ಲ.

ಕೆರೆಗೆ ನೀರೊದಗಿಸುವ ಜಲಾನಯನ ಪ್ರದೇಶ ಸುಮಾರು 330 ಚದರ ಕಿಲೋಮೀಟರುಗಳಷ್ಟು; ತುಂಬಿದಾಗ ನೀರು ಹರಡುವ ನೆಲ ಸುಮಾರು 6,500 ಎಕರೆಗಳಷ್ಟು. 12ನೆಯ ಶತಮಾನದಲ್ಲಿ ಶಾಂತವ್ವೆ ಎಂಬ ರಾಜಪುತ್ರಿ ಇದನ್ನು ಕಟ್ಟಿಸಿದಳೆಂಬುದು ಜನರ ನಂಬಿಕೆ. ಸ್ವರ್ಗಾವತಿ ಎಂಬ ಪಟ್ಟಣವೇ ನೀರಿನಡಿ ಸೇರಿತೆಂದು ಕಥೆ ಹೇಳುತ್ತದೆ. ಕೆರೆಗೆ ಬೇಕಾದ ನೆಲ ಸೂಳೆಯರಿಗೆ ಸೇರಿದ್ದಿತಂತೆ. ಕೆರೆಗೆ ತಮ್ಮ ಹೆಸರು ನಿಲ್ಲಬೇಕೆಂಬ ಒಂದೇ ನಿಬಂಧನೆಯ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರಂತೆ. ಕಾಗದಪತ್ರಗಳಲ್ಲಿ ‘ಶಾಂತಿಸಾಗರ’ವೆಂಬ ಹೆಸರು ನಡೆದುಬಂದಿದ್ದರೂ ಜನರ ನಾಲಗೆ ಕೊಟ್ಟ ಮಾತನ್ನು ಬಿಟ್ಟಿಲ್ಲ. ಕಥೆಯ ಐತಿಹಾಸಿಕತೆ ಏನೇ ಇರಲಿ, ಅದರ ತಾತ್ಪರ್ಯ ಮಾತ್ರ ಸ್ಪಷ್ಟವಾಗಿದೆ: ಒಬ್ಬರು ನೆಲವನ್ನು ಕಳೆದುಕೊಳ್ಳದೆ ಮತ್ತೊಬ್ಬರ ಗದ್ದೆಗೆ ನೀರು ಬರುವುದಿಲ್ಲ, ಕಳೆದುಕೊಂಡವರ ಹೆಸರನ್ನು ಕುಡಿದವರು ಮರೆಯಬಾರದು.

ಹಳಗನ್ನಡದಲ್ಲಿ ‘ಸೂಳ್’ ಎಂಬ ಮತ್ತೊಂದು ಶಬ್ದವುಂಟು. ಸರದಿ, ಬಾರಿ ಎಂದು ಅದರ ಅರ್ಥ. ಇದನ್ನು ಕೆರೆಯ ಹೆಸರಿಗೆ ನಿರುಕ್ತಿಯೆಂದು ಹಿಡಿಯಬೇಕಾಗಿಲ್ಲ. ಆದರೂ ಏರಿಯ ಮೇಲೆ ನಿಂತಾಗ ಈ ಶಬ್ದಸಾಮ್ಯ ನೆನಪಿಗೆ ಬಾರದಿರುವುದಿಲ್ಲ. ಏಕೆಂದರೆ ಕೆರೆಯ ಧರ್ಮವೆಂಬುದು ಸರದಿಯ ಧರ್ಮ. ಇಲ್ಲಿಂದ ಸಿದ್ಧನಾಲೆ, ಬಸವನಾಲೆ ಎಂದು ಎರಡು ನಾಲೆಗಳು ಹೊರಡುತ್ತವೆ. ತೂಬನ್ನು ಎತ್ತಿದೊಡನೆ ಎಲ್ಲ ಗದ್ದೆಗಳೂ ಒಟ್ಟಿಗೆ ನೆನೆಯುವುದಿಲ್ಲ. ತೂಬಿನ ಬಳಿಯ ಗದ್ದೆಗೆ ಮೊದಲು, ನಾಲೆಯ ಕೊನೆಯ ಗದ್ದೆಗೆ ಕಡೆಗೆ. ಮೊದಲಿನವನು ತನ್ನ ಬದುವನ್ನು ಹೊತ್ತಿಗೆ ಸರಿಯಾಗಿ ಮುಚ್ಚಿದರೆ ಕೊನೆಯವನ ಮನೆಯಲ್ಲಿ ಅನ್ನ, ಮುಚ್ಚದಿದ್ದರೆ ವ್ಯಾಜ್ಯ. ಈ ಮುಚ್ಚುವ ಕೆಲಸವನ್ನು ನೋಡಿಕೊಳ್ಳಲು ಕನ್ನಡನಾಡಿನ ಹಳ್ಳಿಗಳು ನೀರಗಂಟಿಯನ್ನಿಟ್ಟುಕೊಂಡಿದ್ದುವು. ಸನಿಕೆಯನ್ನು ಹೆಗಲಮೇಲಿಟ್ಟು ರಾತ್ರಿಯೆಲ್ಲ ನಾಲೆಯ ಗುಂಟ ನಡೆಯುತ್ತಿದ್ದ ಆತನಿಗೆ ಅಧಿಕಾರವೆಂಬುದು ಹೆಚ್ಚೇನೂ ಇರಲಿಲ್ಲ. ಎಲ್ಲರೂ ಒಪ್ಪಿದ ಸರದಿಯೇ ಆತನ ಅಧಿಕಾರ.

ಸರದಿಯೊಂದಿಗೆ ಹೊಣೆಯೂ ಇದ್ದಿತು. ಕನ್ನಡ ಶಾಸನಗಳನ್ನು ಓದಿದವರಿಗೆ ‘ಬಿತ್ತುವಟ್ಟ’, ‘ದಶವಂದ’, ‘ಕಟ್ಟುಕೊಡಗೆ’ ಎಂಬ ಮಾತುಗಳು ಪರಿಚಿತವಾದುವು. ಕೆರೆ ಕಟ್ಟಿಸಿದವನಿಗೆ, ಕೆರೆ ಕಾಯುವವನಿಗೆ, ಕೆರೆಯ ದುರಸ್ತಿಗೆ ಮೀಸಲಾಗಿಟ್ಟ ಭೂಮಿ ಹಾಗೂ ಆದಾಯಗಳನ್ನು ಈ ಪರಿಭಾಷೆ ಸೂಚಿಸುತ್ತದೆ. ಕೆರೆಯ ಹೂಳನ್ನೆತ್ತಿ ಏರಿಗೆ ಹಾಕುವ ಬಂಡಿಗಳ ನಿರ್ವಹಣೆಗೆಂದೇ ದತ್ತಿ ಬಿಟ್ಟ ಶಾಸನಗಳೂ ಇವೆ. ನೀರಿನ ಫಲವನ್ನುಂಡವನು ಹೂಳಿನ ಭಾರವನ್ನೂ ಹೊರಬೇಕೆಂಬುದು ಆ ವ್ಯವಸ್ಥೆಯ ಹೃದಯ. ಮಾತು ಇಂದು ನಿಘಂಟಿನಲ್ಲಿ ಉಳಿದಿದೆ. ಬಂಡಿ ಮಾತ್ರ ನಿಂತುಹೋಗಿದೆ.

ಬಂಡಿ ನಿಂತ ಕಾಲದಲ್ಲೇ ಮಳೆಯೂ ತನ್ನ ಸರದಿಯನ್ನು ತಪ್ಪಿತೆಂಬುದು ಈ ಕಾಲದ ಸಂಕಟ. ಆರಿದ್ರೆಯಿಂದ ಸ್ವಾತಿಯವರೆಗೆ ಮಳೆನಕ್ಷತ್ರಗಳನ್ನು ಬೆರಳಿನಲ್ಲಿ ಎಣಿಸಿ ಬಿತ್ತನೆಯನ್ನು ನಿಶ್ಚಯಿಸುತ್ತಿದ್ದ ರೈತನ ಲೆಕ್ಕ ಈಗ ಕೈಕೊಡುತ್ತಿದೆ. ಲೋಕದಾದ್ಯಂತ ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದುದರಿಂದ ವಾಯುಮಂಡಲ ಕಾವೇರಿದೆ. ಕಾವೇರಿದ ಗಾಳಿ ಹೆಚ್ಚು ನೀರಾವಿಯನ್ನು ಹೊರುತ್ತದೆ. ಆದಕಾರಣ ಸುರಿದರೆ ಒಮ್ಮೆಗೇ ಸುರಿದು, ಇಲ್ಲವಾದರೆ ತಿಂಗಳುಗಟ್ಟಲೆ ಮುಗಿಲು ಬರಿದಾಗುತ್ತದೆ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ಹೊನ್ನಾಳಿಯ ತಗ್ಗು ಪ್ರದೇಶಗಳಿಗೆ ನುಗ್ಗಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಭದ್ರಾ ಜಲಾಶಯ ತುಂಬದೆ, ನಾಲೆಗೆ ಎಷ್ಟು ದಿನ ನೀರು ಬಿಡಬೇಕೆಂಬ ವಿಷಯದಲ್ಲಿ ಅಚ್ಚುಕಟ್ಟಿನ ಮೇಲ್ಭಾಗಕ್ಕೂ ಕೊನೆಯ ಭಾಗಕ್ಕೂ ಮನಸ್ತಾಪವುಂಟಾಯಿತು. ಮರುವರ್ಷದ ಬೇಸಗೆಯಲ್ಲಿ ಚನ್ನಗಿರಿ ಸೀಮೆಯ ಬೆಳೆಗಾರರು ಅಡಕೆಯ ಮರಗಳನ್ನು ಉಳಿಸಿಕೊಳ್ಳಲು ಟ್ಯಾಂಕರುಗಳಲ್ಲಿ ನೀರನ್ನು ಕೊಂಡು ಹಾಯಿಸಿದರು. ಗದ್ದೆಯ ಪೈರು ಒಂದು ವರ್ಷ ಒಣಗಿದರೆ ಮರುವರ್ಷ ಬಿತ್ತಬಹುದು. ಅಡಕೆಯ ಮರ ಒಣಗಿದರೆ ಮನೆತನದ ಹಲವು ವರ್ಷಗಳೇ ಒಣಗಿದಂತೆ.

ಇಂಥ ವರ್ಷಗಳಲ್ಲಿ ಸೂಳೆಕೆರೆಯ ಕಡೆ ತಿರುಗುವ ಕಣ್ಣುಗಳು ಒಂದೆರಡಲ್ಲ. ಕೆಳಗಣ ಗದ್ದೆ ತೋಟಗಳು ಒಂದು ಕಡೆ. ಕೊಳವೆಗಳ ಮೂಲಕ ಇದೇ ನೀರನ್ನು ಕುಡಿಯುವ ಚಿತ್ರದುರ್ಗ, ಹೊಳಲ್ಕೆರೆಗಳು ಮತ್ತೊಂದು ಕಡೆ. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದುವು. ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದಿತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾದಾಗ ಇವೆಲ್ಲ ಒಂದೇ ಸೂರಿನಡಿ ಬಂದುವು. ಅನಂತರ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ಸ್ವತಂತ್ರ ತಾಲ್ಲೂಕಾಯಿತು. ಗೆರೆಗಳನ್ನು ಹೀಗೆ ಎಷ್ಟು ಬಾರಿ ಎಳೆದು ಅಳಿಸಿದರೂ ಹರಿದ್ರೆ ಮಾತ್ರ ತನ್ನ ದಾರಿ ಬಿಡದೆ ಹರಿಹರದ ಬಳಿ ತುಂಗಭದ್ರೆಯನ್ನೇ ಸೇರುತ್ತದೆ. ಮಳೆ ಸಾಲದಾಗ ಭದ್ರಾ ನಾಲೆಯ ನೀರನ್ನು ಸೂಳೆಕೆರೆಗೆ ಹರಿಸಿದ್ದೂ ಉಂಟು. ಕೊಡುವ ಕೆರೆಯೂ ಬೇಡುವ ಕಾಲವಿದೆಯೆಂಬುದನ್ನು ಇದು ತೋರಿಸುತ್ತದೆ.

ಸೀಮೆಯ ಮಠಗಳು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲವೆಂಬುದು ಸಮಾಧಾನದ ಸಂಗತಿ. ಪಾಂಡೋಮಟ್ಟಿ ವಿರಕ್ತಮಠದ ಶ್ರೀ ಗುರುಬಸವ ಸ್ವಾಮಿಗಳವರೂ ‘ಖಡ್ಗ’ ಸ್ವಯಂಸೇವಕರ ಸಂಘದವರೂ ಸೂಳೆಕೆರೆಯ ಎಲ್ಲೆಯನ್ನು ಅಳೆಯಿಸಬೇಕು, ಒತ್ತುವರಿಯನ್ನು ತೆರವುಗೊಳಿಸಬೇಕು, ಹೂಳೆತ್ತಿಸಬೇಕು ಎಂದು ಹೋರಾಟ ನಡೆಸಿದರು. ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರ ಪ್ರೇರಣೆ, ಒತ್ತಾಸೆಗಳಿಂದ ತುಂಗಭದ್ರೆಯ ನೀರನ್ನು ಏತದ ಮೂಲಕ ಭರಮಸಾಗರ ಭಾಗದ ಕೆರೆಗಳಿಗೂ, ಹರಿಹರ ತಾಲ್ಲೂಕಿನ ದೀಟೂರಿನಿಂದ ಜಗಳೂರು ತಾಲ್ಲೂಕಿನ 57 ಕೆರೆಗಳಿಗೂ ಮುಟ್ಟಿಸುವ ಯೋಜನೆಗಳು ರೂಪುಗೊಂಡುವು. 2021ರಲ್ಲಿ ಭರಮಸಾಗರದ ಹಿರಿಯ ಕೆರೆಗೆ ನದಿಯ ನೀರು ಬಂದುದನ್ನು ಕಂಡ ಜನ ಬಾಗಿನವನ್ನರ್ಪಿಸಲು ನೆರೆದುದು ಸಹಜವೇ ಆಗಿದ್ದಿತು. ಹೊಳೆಯ ದಡದ ಊರಿನ ಪ್ರವಾಹ ಬಯಲುಸೀಮೆಯ ಊರಿನ ಕೆರೆಯಾಗುವುದಾದರೆ ಅದಕ್ಕಿಂತ ಮಿಗಿಲಾದ ನೆರೆಹೊರೆಯ ಉಪಕಾರ ಯಾವುದು?

ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸೂಳೆಕೆರೆಯ ಎರಡು ನಾಲೆಗಳು ನೆಲದ ಇಳಿಜಾರನ್ನೇ ನಂಬಿ ಹರಿಯುತ್ತವೆ. ಅವಕ್ಕೆ ವಿದ್ಯುತ್ತಿನ ಹಂಗಿಲ್ಲ. ದೀಟೂರಿನಿಂದ ಜಗಳೂರಿಗೆ ಹೋಗುವ ನೀರಾದರೋ ಹತ್ತುವ ನೀರು. ಹತ್ತುವ ನೀರಿಗೆ ಯಂತ್ರ ಬೇಕು, ಯಂತ್ರಕ್ಕೆ ವಿದ್ಯುತ್ತು ಬೇಕು, ವಿದ್ಯುತ್ತಿಗೆ ಹಣ ಬೇಕು. ಆ ವಿದ್ಯುತ್ತು ಕಲ್ಲಿದ್ದಲಿನಿಂದಲೇ ಬರುವುದಾದರೆ ಬರವನ್ನು ನೀಗಲು ಬರದ ಕಾರಣವನ್ನೇ ಉರಿಸಿದಂತಾಗುತ್ತದೆ. ಈ ತೊಡಕಿಗೆ ಪರಿಹಾರ ಅದೇ ಬಯಲುಸೀಮೆಯ ನೆತ್ತಿಯ ಮೇಲಿದೆ. ಚಿತ್ರದುರ್ಗದ ಜೋಗಿಮಟ್ಟಿಯ ಸಾಲಿನಲ್ಲಿಯೂ ಜಗಳೂರಿನ ಕಡೆಯ ಎತ್ತರದ ನೆಲಗಳಲ್ಲಿಯೂ ಗಾಳಿಯಂತ್ರಗಳು ನಿಂತಿವೆ. ಮುಂಗಾರಿನ ಗಾಳಿ ಆಷಾಢ ಶ್ರಾವಣಗಳಲ್ಲಿ ಅತ್ಯಂತ ಬಿರುಸಾಗಿ ಬೀಸುತ್ತದೆ. ನದಿ ತುಂಬಿ ಹರಿದು, ಕೆರೆಗಳಿಗೆ ನೀರೆತ್ತಲು ಅನುಕೂಲವಾಗುವ ಕಾಲವೂ ಅದೇ. ಹೊನ್ನಾಳಿಯ ಕಡೆ ಹೊಳೆ ತುಂಬುವ ತಿಂಗಳು, ಜಗಳೂರಿನ ಕಡೆ ಗಾಳಿ ತುಂಬುವ ತಿಂಗಳು. ಒಂದೇ ಮುಂಗಾರು ಒಂದು ತಾಲ್ಲೂಕಿಗೆ ನೀರನ್ನೂ ಮತ್ತೊಂದಕ್ಕೆ ಬಲವನ್ನೂ ಕೊಟ್ಟಿದೆ. ಗಾಳಿಯ ವಿದ್ಯುತ್ತು ಎಲ್ಲರಿಗೂ ಸಾಮಾನ್ಯವಾದ ವಿದ್ಯುಜ್ಜಾಲವನ್ನು ಸೇರುವುದರಿಂದ ಇದರ ಲೆಕ್ಕ ಕಣ್ಣಿಗೆ ಕಾಣದು. ಕಾಣುವಂತೆ ಬರೆದಿಟ್ಟರೆ ನೀರು ಪಡೆದವನು ಬರಿಗೈಯವನಲ್ಲ, ಆತನೂ ಕೊಟ್ಟವನೇ ಎಂಬುದು ತಿಳಿಯುತ್ತದೆ. ಬಯಲುಸೀಮೆ ಹೀಗೆ ಕೊಡಬಲ್ಲದೆಂಬುದಕ್ಕೆ ತುಮಕೂರು ಜಿಲ್ಲೆಯ ಪಾವಗಡ ಸಾಕ್ಷಿ. ಅಲ್ಲಿ ಐದು ಗ್ರಾಮಗಳ ರೈತರು ಸುಮಾರು 13,000 ಎಕರೆ ಒಣಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟುದರಿಂದ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದುನಿಂತಿತು. ಗ್ರಾಮಗಳು ಒಂದೊಂದಾಗಿ ಹೊರಟಿದ್ದರೆ ಅದು ಆಗುತ್ತಿರಲಿಲ್ಲ.

ಹೊಸ ಯಂತ್ರಗಳ ಈ ಮಾತಿನ ನಡುವೆ ಹಳೆಯ ಹೂಳನ್ನು ಮರೆಯುವಂತಿಲ್ಲ. ಕೆರೆಯಲ್ಲಿ ನೀರು ನಿಂತಷ್ಟೂ ಸುತ್ತಣ ನೆಲದ ಅಂತರ್ಜಲ ಮೇಲಿರುತ್ತದೆ. ಅಂತರ್ಜಲ ಮೇಲಿದ್ದಷ್ಟೂ ಕೊಳವೆಬಾವಿಯಿಂದ ನೀರೆತ್ತಲು ಬೇಕಾಗುವ ವಿದ್ಯುತ್ತು ಕಡಮೆ. ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಉಚಿತವಾದುದಕ್ಕೆ ಬೆಲೆಯಿಲ್ಲವೆಂದು ತಿಳಿಯುವುದು ಭ್ರಮೆ. ಕೆರೆಯಲ್ಲಿ ಸೇರಿದ ಪ್ರತಿಯೊಂದು ಪುಟ್ಟಿ ಹೂಳೂ ನೆರೆಯ ತೋಟದ ಬಾವಿಯನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತದೆ. ಆದಕಾರಣ ಹೂಳೆತ್ತುವುದೂ ವಿದ್ಯುತ್ತಿನ ಉಳಿತಾಯವೇ.  ಹೂಳು ಎಲ್ಲಿಂದ ಬಂದಿತು? ಜಲಾನಯನದ ಬೋಳುಗುಡ್ಡಗಳಿಂದ, ಅಂಚನ್ನುಳಿಸದೆ ಉತ್ತ ಹೊಲಗಳಿಂದ. ಅದನ್ನೆತ್ತುವ ಹೊಣೆ ಯಾರದು? ಗುಡ್ಡದ ಊರು ಕೆರೆಯ ಊರನ್ನು ತೋರಿಸುತ್ತದೆ. ಕೆರೆಯ ಊರು ನಾಲೆಯ ಊರನ್ನು ತೋರಿಸುತ್ತದೆ. ನಾಲೆಯ ಊರು ಕೊಳವೆಯ ಪಟ್ಟಣವನ್ನು ತೋರಿಸುತ್ತದೆ. ಪಟ್ಟಣ ಸರ್ಕಾರವನ್ನು ತೋರಿಸುತ್ತದೆ. ತೋರಿಸುವ ಬೆರಳುಗಳ ಈ ಸರದಿಯಲ್ಲಿ ಸನಿಕೆ ಹಿಡಿಯುವ ಕೈಯ ಸರದಿ ಬರುವುದೇ ಇಲ್ಲ.

ಇದರ ಫಲವನ್ನು ಎಲ್ಲರಿಗಿಂತ ಮೊದಲು ಉಣ್ಣುವವನು ನಾಲೆಯ ಕೊನೆಯ ರೈತ. ಕೆರೆ ತುಂಬಿದರೂ ತುಂಬದಿದ್ದರೂ ಆತನ ಸ್ಥಾನ ಬದಲಾಗುವುದಿಲ್ಲ. ಮೇಲಿನವರೆಲ್ಲರ ಸಜ್ಜನಿಕೆಯಲ್ಲಿ ಉಳಿದುದೆಷ್ಟೋ ಅಷ್ಟೇ ಆತನ ನೀರು. ಬೇಸಗೆಯ ಬೆಳದಿಂಗಳಲ್ಲಿ ಬದುವಿನ ಮೇಲೆ ಕುಳಿತು ಆತ ನಾಲೆಯ ಸದ್ದಿಗೆ ಕಿವಿಗೊಡುತ್ತಾನೆ. ಸದ್ದು ಬಾರದಿದ್ದರೆ ಬೈಯುವುದಕ್ಕೂ ಆತನಿಗೆ ಒಬ್ಬ ನಿಶ್ಚಿತನಾದ ಶತ್ರುವಿಲ್ಲ. ವಾಯುಗುಣದ ವೈಪರೀತ್ಯದಲ್ಲಿ ಲೋಕದ ಅನೇಕ ಜನ ಇಂದು ಕೊನೆಯ ಗದ್ದೆಯವರಾಗಿದ್ದಾರೆ. ಎಲ್ಲೋ ದೂರದಲ್ಲಿ ಯಾರೋ ಬದು ಮುಚ್ಚಲಿಲ್ಲ. ಇಲ್ಲಿ ಪೈರು ಒಣಗಿತು. ಸೂಳೆಕೆರೆಯ ನಾಲೆ ಆ ದೊಡ್ಡ ಅನ್ಯಾಯದ ಚಿಕ್ಕ ಪ್ರತಿಬಿಂಬ. ಚಿಕ್ಕದಾದುದರಿಂದಲೇ ಅದನ್ನು ಸರಿಪಡಿಸುವುದು ಮನುಷ್ಯನ ಅಳವಿನಲ್ಲಿದೆ. ಕುಡಿಯುವ ಪಟ್ಟಣಗಳು, ಬೆಳೆಯುವ ಹಳ್ಳಿಗಳು, ಗುಡ್ಡದ ಮೇಲಿನ ಊರುಗಳು ತಮ್ಮ ಆದಾಯದಲ್ಲಿ ಒಂದಂಶವನ್ನು ಕೆರೆಗೆಂದು ತೆಗೆದಿಡುವುದಾದರೆ ‘ದಶವಂದ’ವೆಂಬ ಶಬ್ದ ನಿಘಂಟಿನಿಂದ ಎದ್ದು ಮತ್ತೆ ಏರಿಯ ಮೇಲೆ ನಡೆಯುತ್ತದೆ.

ಏರಿಯ ಬಳಿಯ ಸಿದ್ಧೇಶ್ವರನ ದರ್ಶನಕ್ಕೆ ಬರುವ ವಿದ್ಯಾರ್ಥಿಗಳು ನೀರಿನ ಹರಹನ್ನು ನೋಡಿ ಬೆರಗಾಗುತ್ತಾರೆ; ಆಗುವುದು ಯುಕ್ತವೇ. ಜೊತೆಗೆ ತೂಬಿನ ಬಳಿಗೆ ಹೋಗಿ ನೀರು ಯಾವ ಕಡೆಗೆ ಹೋಗುತ್ತದೆಂಬುದನ್ನೂ ಅವರು ನೋಡಬೇಕು; ಸಾಧ್ಯವಾದರೆ ನಾಲೆಯ ಗುಂಟ ನಡೆದು ಕೊನೆಯ ಗದ್ದೆಯನ್ನು ಕಂಡುಬರಬೇಕು. ಕೆರೆಯ ದೊಡ್ಡತನ ಏರಿಯ ಮೇಲೆ ಕಾಣಿಸುತ್ತದೆ. ಕೆರೆಯವರ ದೊಡ್ಡತನ ಕಾಣಿಸುವುದು ಆ ಕೊನೆಯ ಗದ್ದೆಯಲ್ಲಿ.