ಸಾವಿರದಲ್ಲಿ ಒಂದು

ಬಗಟೆಲ್ ಎಂಬ ಆಟದ ಹಲಗೆ ನಿಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆಯೋ ಕಾಣೆ. ತಲೆಯ ಕಡೆ ದುಂಡಗಿರುವ ಮರದ ಹಲಗೆ, ಅದರ ತುಂಬ ಸಣ್ಣ ಮೊಳೆಗಳು, ಬಲಗಡೆ ಸ್ಪ್ರಿಂಗಿನ ಹಿಡಿ. ಹಿಡಿ ಎಳೆದು ಬಿಟ್ಟರೆ ಗೋಲಿ ಮೇಲಕ್ಕೆ ಓಡಿ, ಮೊಳೆಗಳಿಗೆ ಬಡಿದುಕೊಳ್ಳುತ್ತ ಇಳಿದು, ಯಾವುದೋ ಒಂದು ಅಂಕದ ಮನೆಯಲ್ಲಿ ಕೂರುತ್ತದೆ. 1988ರಲ್ಲಿ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ನನ್ನ ಒಂಬತ್ತು ವರ್ಷದ ಮಗ ಆ ಹಲಗೆ ಮಾರುವ ಅಂಗಡಿಯ ಮುಂದಿನಿಂದ ಕದಲಲಿಲ್ಲ. ಆಗ ತಂಗಿಯ ಮದುವೆಯ ಸಾಲ ತಲೆಯ ಮೇಲಿತ್ತು. "ಮುಂದಿನ ವರ್ಷ ತಗೊಳ್ಳೋಣ ಬಾ" ಎಂದು ಕೈ ಹಿಡಿದು ಎಳೆದುಕೊಂಡು ಬಂದೆ. ಮುಂದಿನ ವರ್ಷ ನಾನು ಮರೆತೆ. ಅವನು ಮರೆತಿರಲಿಲ್ಲವೆಂದು ತಿಳಿಯಲು ನನಗೆ 35 ವರ್ಷ ಬೇಕಾಯಿತು.

2024ರ ಜನವರಿಯಲ್ಲಿ ನಾನೂ ನನ್ನಾಕೆಯೂ ಷಿಕಾಗೋ ಪಕ್ಕದ ಊರಿನಲ್ಲಿರುವ ಅವನ ಮನೆಯಲ್ಲಿದ್ದೆವು. ಹೊರಗೆ ಹೆಪ್ಪುಗಟ್ಟುವ ಚಳಿ. ವಾಕಿಂಗ್ ಇಲ್ಲ, ಬೆಳಗಿನ ಪೇಪರ್ ಇಲ್ಲ, ಮಾತಾಡಲು ಪಕ್ಕದ ಮನೆಯವರೂ ಇಲ್ಲ. ಒಂದು ರಾತ್ರಿ ಊಟವಾದ ಮೇಲೆ ಮಗ ಲ್ಯಾಪ್‌ಟಾಪ್ ಹಿಡಿದು ಬಂದು ಪಕ್ಕದಲ್ಲಿ ಕೂತ.

"ಅಪ್ಪ, ನೀವು ಬ್ಯಾಂಕಿನವರು. ಒಂದು ಲೆಕ್ಕ ನೋಡಿ ಹೇಳ್ತೀರಾ?"

ಲೆಕ್ಕ ಪಿನ್‌ಬಾಲ್ ಯಂತ್ರದ್ದು. ಬಗಟೆಲ್ಲಿಗೆ ನಾಲ್ಕು ಕಾಲು, ಗಾಜಿನ ಮುಚ್ಚಳ, ಬಣ್ಣದ ದೀಪ, ವಿದ್ಯುತ್ ಎಲ್ಲ ಸೇರಿಸಿದರೆ ಪಿನ್‌ಬಾಲ್ ಎಂದುಕೊಳ್ಳಿ. ಗೋಲಿಯ ಬದಲು 80 ಗ್ರಾಂ ತೂಕದ ಉಕ್ಕಿನ ಗುಂಡು. ಅದು ಕೆಳಗೆ ಜಾರಿ ಬೀಳದಂತೆ ಎರಡು ಪಕ್ಕದ ಗುಂಡಿ ಒತ್ತಿ, ಫ್ಲಿಪ್ಪರ್ ಎಂಬ ಪುಟ್ಟ ತೋಳುಗಳಿಂದ ಮತ್ತೆ ಮತ್ತೆ ಮೇಲಕ್ಕೆ ಹೊಡೆಯಬೇಕು. ಬಗಟೆಲ್ಲೇ ಇದರ ಅಜ್ಜ. 1871ರಲ್ಲಿ ಸಿನ್ಸಿನಾಟಿಯ ಒಬ್ಬಾತ ಬಗಟೆಲ್ ಹಲಗೆಗೆ ಮಾಡಿದ ಸುಧಾರಣೆಗಳಿಗೆ ಪೇಟೆಂಟ್ ಪಡೆದ. 1931ರಲ್ಲಿ ಷಿಕಾಗೋದ ಗಾಟ್ಲೀಬ್ ಎಂಬಾತ 17 ಡಾಲರ್ 50 ಸೆಂಟಿಗೆ ಅಂಗಡಿಯವರಿಗೆ ಯಂತ್ರ ಮಾರತೊಡಗಿದ. ಫ್ಲಿಪ್ಪರ್ ಬಂದದ್ದು 1947ರಲ್ಲಿ. ಆಮೇಲೆ ಈ ಉದ್ಯಮವೆಲ್ಲ ಹೆಚ್ಚುಕಡಿಮೆ ಷಿಕಾಗೋದಲ್ಲೇ ಬೆಳೆಯಿತು. ಈಗಿನ ದೊಡ್ಡ ತಯಾರಕರಾದ ಸ್ಟರ್ನ್ ಕಂಪನಿಯ ಕಾರ್ಖಾನೆ ಇರುವ ಎಲ್ಕ್ ಗ್ರೋವ್ ವಿಲೇಜ್, ನಾವು ವಿಮಾನದಿಂದ ಇಳಿದ ನಿಲ್ದಾಣದ ಬಗಲಲ್ಲೇ ಇದೆ.

ಆ ತಿಂಗಳು ಅವರು ಹೊಸ ಯಂತ್ರ ಹೊರತಂದಿದ್ದರು. ಹೆಸರು 'ಜಾಸ್'. ಶಾರ್ಕ್ ಮೀನಿನ ಆ 1975ರ ಸಿನಿಮಾ ನಿಮಗೂ ಗೊತ್ತಿರಬಹುದು. ಒಂದೇ ಆಟಕ್ಕೆ ಮೂರು ತರಗತಿ, ನಮ್ಮ ರೈಲಿನ ಹಾಗೆ. 'ಪ್ರೊ' 6,999 ಡಾಲರ್. 'ಪ್ರೀಮಿಯಂ' 9,699. 'ಲಿಮಿಟೆಡ್ ಎಡಿಷನ್' 12,999. ಮೂರನೆಯದು ಇಡೀ ಪ್ರಪಂಚಕ್ಕೆ ಬರೀ 1,000. ನಾನು ಮನಸ್ಸಿನಲ್ಲೇ 83ರಿಂದ ಗುಣಿಸಿದೆ. ಹತ್ತು ಲಕ್ಷ ಎಂಬತ್ತು ಸಾವಿರ ರೂಪಾಯಿ ಆಯಿತು. 38 ವರ್ಷ ದುಡಿದು ನಿವೃತ್ತನಾದಾಗ ನನ್ನ ಕೈಗೆ ಬಂದ ಗ್ರಾಚ್ಯುಟಿ ಇದಕ್ಕಿಂತ ಕಡಿಮೆ. ಬಾಯಿ ಬಿಡಲಿಲ್ಲ.

"ಪ್ರೀಮಿಯಂಗೂ ಲಿಮಿಟೆಡ್‌ಗೂ ಆಟದಲ್ಲಿ ಏನು ವ್ಯತ್ಯಾಸ?"

"ಆಟದಲ್ಲಿ ಏನೂ ಇಲ್ಲ. ಪೆಟ್ಟಿಗೆಯ ಮೇಲಿನ ಚಿತ್ರ ಬೇರೆ, ಗಾಜು ಬೇರೆ, ಒಂದಿಷ್ಟು ಅಲಂಕಾರ. ಆಮೇಲೆ ನಂಬರ್ ಹಾಕಿದ ಒಂದು ಫಲಕ."

ಹಾಗಾದರೆ ಹೆಚ್ಚಿನ 3,300 ಡಾಲರ್ ಬಹುಪಾಲು ಫಲಕಕ್ಕೇ ಬಿತ್ತು ಎಂದೆ. ಅವನು ನಕ್ಕ. ಆದರೂ ಅವನಿಗೆ ಬೇಕಾದದ್ದು ಅದೇ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಶುಕ್ರವಾರದೊಳಗೆ ಡೀಲರಿಗೆ 1,000 ಡಾಲರ್ ಮುಂಗಡ ಕಟ್ಟಬೇಕು, ಅದು ವಾಪಸ್ ಬರುವುದಿಲ್ಲ. ಅಡುಗೆಮನೆಯಲ್ಲಿ ಸೊಸೆ ಪಾತ್ರೆ ಜೋಡಿಸುವ ಸದ್ದು ಅಂದು ಸ್ವಲ್ಪ ಜೋರಾಗಿಯೇ ಇತ್ತು. ಅವನ ಆಫೀಸಿನಲ್ಲಿ ಹಿಂದಿನ ತಿಂಗಳಷ್ಟೇ ಒಂದಿಷ್ಟು ಜನರನ್ನು ಕೆಲಸದಿಂದ ತೆಗೆದಿದ್ದರು.

ಮುಂದಿನ ಮೂರು ದಿನ ನನಗೂ ಬೇರೆ ಕೆಲಸವಿರಲಿಲ್ಲ. ಈ ವ್ಯಾಪಾರ ಹೇಗೆ ನಡೆಯುತ್ತದೆಂದು ಅವನ ಪಕ್ಕ ಕೂತು ನೋಡಿದೆ. ಮೊದಲು ಒಂದು ಸಣ್ಣ ವಿಡಿಯೊ ಬಿಡುತ್ತಾರೆ. ಯಂತ್ರ ತೋರಿಸುವುದಿಲ್ಲ, ಸುಳಿವು ಮಾತ್ರ. ಜನ ಊಹೆ ಕಟ್ಟಲು ಶುರುಮಾಡುತ್ತಾರೆ. ಆಮೇಲೆ ಒಂದು ದಿನ ತೆರೆ ಸರಿಸುತ್ತಾರೆ. ಅಷ್ಟರಲ್ಲಿ ಡೀಲರುಗಳ ಪಟ್ಟಿ ಮುಕ್ಕಾಲು ತುಂಬಿರುತ್ತದೆ. ಒಬ್ಬೊಬ್ಬ ಡೀಲರಿಗೆ ಲಿಮಿಟೆಡ್ ಇಷ್ಟೇ ಎಂದು ಹಂಚಿಕೆ, ಹಿಂದೆ ಕೊಂಡವರಿಗೆ ಮೊದಲ ಮಣೆ. ಯಂತ್ರ ಬಂದ ಮೇಲೂ ಮುಗಿಯಲಿಲ್ಲ. ತಲೆಯ ಮೇಲಿಡುವ ಗೊಂಬೆಯ ಅಲಂಕಾರ ಬೇರೆ, ಪಕ್ಕದ ಪಟ್ಟಿ ಬೇರೆ, ಎಲ್ಲಕ್ಕೂ ಪ್ರತ್ಯೇಕ ದುಡ್ಡು. ಅದರ ಒಳಗಿನ ಸಾಫ್ಟ್‌ವೇರ್ ಕೂಡ ಎಷ್ಟೋ ಸಲ ಪೂರ್ತಿ ಮುಗಿದಿರುವುದಿಲ್ಲವಂತೆ, ತಿಂಗಳುಗಟ್ಟಲೆ ಕಂತಿನಲ್ಲಿ ಬರುತ್ತಿರುತ್ತದೆ. ಪಾಸ್‌ಬುಕ್ ಈಗ ತಗೊಳ್ಳಿ, ಎಂಟ್ರಿ ಆಮೇಲೆ ಹಾಕಿಕೊಡುತ್ತೇವೆ ಎಂದ ಹಾಗೆ!

ಹಳೆಯ ಕಾಲದ ಜಾಹೀರಾತು ಹಾಳೆಗಳನ್ನೂ ಅವನು ತೋರಿಸಿದ. ಅವೆಲ್ಲ ಅಂಗಡಿ, ಹೋಟೆಲಿನವರಿಗೆ. ಇದನ್ನು ಮೂಲೆಯಲ್ಲಿಟ್ಟರೆ ದಿನಕ್ಕೆ ಎಷ್ಟು ನಾಣ್ಯ ಬೀಳುತ್ತದೆ ಎಂಬುದೇ ಅವುಗಳ ಮಾತು. ಆಮೇಲೆ ವಿಡಿಯೊ ಗೇಮ್ ಬಂತು, ಅಂಗಡಿಗಳಿಂದ ಪಿನ್‌ಬಾಲ್ ಮಾಯವಾಯಿತು. 1992ರಲ್ಲಿ 'ಆಡಮ್ಸ್ ಫ್ಯಾಮಿಲಿ' ಎಂಬ ಒಂದೇ ಯಂತ್ರವನ್ನು 20,000ಕ್ಕೂ ಹೆಚ್ಚು ಮಾರಿದ್ದವರು 1999ರಲ್ಲಿ ಈ ಕಸುಬನ್ನೇ ಬಿಟ್ಟರು. ಉಳಿದವರು ಮನೆಗಳ ಕಡೆ ತಿರುಗಿದರು. ನಾಣ್ಯ ಹಾಕುವ ಕಿಂಡಿ ಈಗಲೂ ಹಾಗೇ ಇದೆ. ಆದರೆ ಜಾಹೀರಾತಿನಲ್ಲಿ ಗಳಿಕೆಯ ಮಾತೇ ಇಲ್ಲ. ಹಳೆಯ ಸಿನಿಮಾ, ಹಳೆಯ ಬ್ಯಾಂಡಿನ ಹಾಡು, ಹಳೆಯ ಕಾರ್ಟೂನು. ಅಂದರೆ ಈಗ ಸಂಬಳ ಚೆನ್ನಾಗಿರುವ ನಲವತ್ತೈದು, ಐವತ್ತರವರ ಬಾಲ್ಯ. ಸಂಖ್ಯೆ ಕಟ್ಟಿಹಾಕಿದ್ದೇವೆ ಎನ್ನುವ ಮಾತಿನಲ್ಲೂ ಸಂದಿ ಇದೆ. 'ಗಾಡ್‌ಜಿಲ್ಲಾ' ಯಂತ್ರದ ಲಿಮಿಟೆಡ್ 2021ರಲ್ಲಿ ಬಂತು. ಅದೇ ಆಟ 2024ರಲ್ಲಿ ಎಪ್ಪತ್ತನೇ ವಾರ್ಷಿಕೋತ್ಸವದ ಹೊಸ ಬಣ್ಣ ಬಳಿದುಕೊಂಡು ಮತ್ತೆ ಬಂತು. ಮೊದಲಿನವರ ಫಲಕಕ್ಕೆ ಇದರಿಂದ ಏನೂ ಕುಂದಿಲ್ಲ, ನಿಜ.

ಗುರುವಾರ ರಾತ್ರಿ ಅವನಿಗೆ ಒಂದು ವಿಷಯ ಹೇಳಿದೆ. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಿವೃತ್ತಿಗೆ ಎರಡು ವರ್ಷವಿರುವಾಗ ನಮ್ಮ ಕೌಂಟರುಗಳಿಗೆ ವಿಮೆ ಪಾಲಿಸಿ ಮಾರುವ ಕೆಲಸ ಬಂತು. ಬ್ರಾಂಚಿಗೆ ಟಾರ್ಗೆಟ್. ಮಾರ್ಚ್ ಕೊನೆಯ ವಾರ ಒಬ್ಬರು ನಿವೃತ್ತ ಮೇಷ್ಟ್ರಮ್ಮ ಅವಧಿ ಮುಗಿದ ಎಫ್‌ಡಿ ನವೀಕರಿಸಲು ಬಂದರು. "ಅಮ್ಮಾ, ಈ ಸ್ಕೀಮು 31ಕ್ಕೆ ಮುಚ್ಚುತ್ತೆ, ಆಮೇಲೆ ಸಿಗಲ್ಲ" ಎಂದೆ. ಸುಳ್ಳಲ್ಲ, ಮ್ಯಾನೇಜರ್ ಹೇಳಿದ್ದನ್ನೇ ಹೇಳಿದ್ದು. ಅವರು ನನ್ನ ಮುಖ ನೋಡಿ ಸಹಿ ಹಾಕಿದರು. ಏಪ್ರಿಲ್‌ನಲ್ಲಿ ಅಂಥದೇ ಇನ್ನೊಂದು ಸ್ಕೀಮು ಬೇರೆ ಹೆಸರಿನಲ್ಲಿ ಬಂತು. ಮರುವರ್ಷ ಮೊಣಕಾಲಿನ ಆಪರೇಷನ್ನಿಗೆ ದುಡ್ಡು ಬೇಕಾಗಿ ಅವರು ಮತ್ತೆ ಬಂದಾಗ ಕೈಗೆ ಸಿಕ್ಕಿದ್ದು ಕಟ್ಟಿದ್ದಕ್ಕಿಂತ ಎಷ್ಟೋ ಕಡಿಮೆ. ಜಗಳವಾಡಲಿಲ್ಲ. "ನೀವು ಹೇಳಿದ್ರಲ್ಲ ಅಂತ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಅವರು ಬ್ಯಾಂಕಿಗೆ ಬರುವುದು ಕಂಡರೆ ಆಮೇಲೆ ನಾನು ರೆಕಾರ್ಡ್ ರೂಮಿಗೆ ಹೋಗಿಬಿಡುತ್ತಿದ್ದೆ.

"ಶುಕ್ರವಾರದೊಳಗೆ ಅಂದಾಗ ನನಗೆ ನನ್ನ ಧ್ವನಿಯೇ ಕೇಳಿಸಿತು ಕಣೋ" ಎಂದೆ.

ಮಗ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಬೇರೆಯದೇ ಮಾತು ಎತ್ತಿದ. "ಅಪ್ಪ, ಎಕ್ಸಿಬಿಷನ್ನಿನಲ್ಲಿ ಬಗಟೆಲ್ ಅಂಗಡಿ ಮುಂದೆ ಮುಂದಿನ ವರ್ಷ ಅಂದಿದ್ರಿ, ನೆನಪಿದೆಯಾ?"

ಸುಳ್ಳೇಕೆ ಹೇಳಲಿ, ಆ ಕ್ಷಣಕ್ಕೆ ಡೀಲರ್ ಫೋನ್ ಮಾಡಿದ್ದರೆ ಮುಂಗಡವನ್ನು ನಾನೇ ಕಟ್ಟಿಬಿಡುತ್ತಿದ್ದೆ. ಅದೂ 12,999ರದಕ್ಕೇ! ಮೂರು ದಿನ ಈ ವ್ಯಾಪಾರದ ಗುಟ್ಟು ಬಿಡಿಸಿದ ಬುದ್ಧಿವಂತ ಒಂದೇ ಮಾತಿಗೆ ಜಾರಿಬಿದ್ದಿದ್ದೆ. ಅವನೇ ಲ್ಯಾಪ್‌ಟಾಪ್ ಮುಚ್ಚಿ, "ಮಲಗಿ ಅಪ್ಪ, ನೋಡೋಣ" ಎಂದ.

ಶುಕ್ರವಾರ ಕಳೆಯಿತು. ಅವನು ದುಡ್ಡು ಕಟ್ಟಲಿಲ್ಲ. ಮುಂದಿನ ಬುಧವಾರ ಡೀಲರಿನಿಂದ ಮೆಸೇಜ್ ಬಂತು. ಯಾರೋ ಕ್ಯಾನ್ಸಲ್ ಮಾಡಿದ್ದಾರೆ, ಒಂದು ಉಳಿದಿದೆ, ನಿಮಗಾಗಿ ಸಂಜೆಯವರೆಗೆ ತೆಗೆದಿಟ್ಟಿರುತ್ತೇನೆ ಎಂದು. ಸೊಸೆ ಅದನ್ನು ಓದಿ, ಅಷ್ಟು ದಿನದಲ್ಲಿ ಮೊದಲ ಸಲ ಜೋರಾಗಿ ನಕ್ಕಳು.

ಫೆಬ್ರವರಿಯಲ್ಲಿ ಅವನ ಪರಿಚಯದವರೊಬ್ಬರು ಹೊಸದಕ್ಕೆ ಜಾಗ ಮಾಡಲು ಬೇಸ್‌ಮೆಂಟಿನಲ್ಲಿದ್ದ ಹಳೆಯ ಯಂತ್ರ ಮಾರಿದರು. ಲಿಮಿಟೆಡ್‌ಗೆ ಕೇಳಿದ ಬೆಲೆಯ ಅರ್ಧವೂ ಆಗಲಿಲ್ಲ. ನಾಲ್ಕು ಜನ ಹೊತ್ತು ಇಳಿಸಿದರು. ಎಡಗಡೆಯ ಫ್ಲಿಪ್ಪರ್ ಸೋತಿತ್ತು. ಮಗ ಗಾಜು ತೆಗೆದು ಕೂತ, ಮೊಮ್ಮಗಳು ಟಾರ್ಚ್ ಹಿಡಿದಳು, ನಾನು ಹಳೆಯ ಪಂಚೆಯ ತುಂಡಿನಲ್ಲಿ ಗುಂಡುಗಳನ್ನು ಒರೆಸಿದೆ.

ಅದನ್ನು ನಾಣ್ಯವಿಲ್ಲದೆ ಆಡುವ ಹಾಗೆ ಮಾಡಿಟ್ಟಿದ್ದಾರೆ. ನಾವು ಹೊರಡುವ ಮುಂಚೆ ಮೊಮ್ಮಗಳಿಗೆ ಒಂದು ನೋಟ್‌ಬುಕ್ಕಿಗೆ ಲೆಡ್ಜರಿನ ಹಾಗೆ ಗೆರೆ ಹಾಕಿಕೊಟ್ಟೆ. ತಾರೀಕು, ಹೆಸರು, ಅಂಕ, ಷರಾ. ಭಾನುವಾರದ ವಿಡಿಯೊ ಕರೆಯಲ್ಲಿ ಆ ವಾರದ ಲೆಕ್ಕ ಓದುತ್ತಾಳೆ. ತಾತನ ಹೆಸರಿನ ಮುಂದೆ ಇರುವುದು ಒಂದೇ ಎಂಟ್ರಿ. ಷರಾದಲ್ಲಿ ಅವಳೇ ಬರೆದಿದ್ದಾಳೆ: ಎರಡೂ ಕೈ ಒಟ್ಟಿಗೆ ಒತ್ತುತ್ತಾರೆ.