ಸುಣ್ಣಕ್ಕೆ ಬೆರೆಸುವ ನೀಲಿ

ಪೆನ್ನಾಗರಂನಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿ ಬೆಳೆದ ನನಗೆ ಚಳಿಗಾಲವೆಂದರೆ ಮಾರ್ಗಳಿ ತಿಂಗಳ ಮುಂಜಾವಿನ ಮಂಜು. ಹಿಮವನ್ನು ಕಣ್ಣಾರೆ ಕಂಡವನಲ್ಲ. ಆದರೂ ಬಂಧುವೊಬ್ಬರು ಹೊಸ ಮನೆಯ ಹಜಾರಕ್ಕೆ ಹಿಮದ ಬೆಟ್ಟದ ತೈಲಚಿತ್ರ ಬೇಕೆಂದಾಗ, ಆಗಲಿ ಎಂದು ಒಪ್ಪಿಕೊಂಡುಬಿಟ್ಟೆ.

ಕ್ಯಾಲೆಂಡರಿನ ಚಿತ್ರವೊಂದನ್ನು ಎದುರಿಗಿಟ್ಟುಕೊಂಡೆ. ಹಿಮ ಬಿಳಿ, ಅದರಲ್ಲಿ ಯೋಚಿಸುವುದೇನಿದೆ ಎಂದು ಟೈಟಾನಿಯಂ ವೈಟ್ ಟ್ಯೂಬು ಹಿಂಡಿ, ಚಾಕುವಿನಲ್ಲಿ ದಪ್ಪಗೆ ಮೆತ್ತಿದೆ. ನೆರಳಿಗೆ ಅದೇ ಬಿಳಿಗೆ ಕಪ್ಪು ಕಲಸಿದೆ. ಗೃಹಪ್ರವೇಶದ ದಿನ ಚಿತ್ರ ಗೋಡೆಗೇರಿತು. ಊರ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, "ಇದು ಸೇಲಂ ಕಡೆಯ ಬಿಳಿಕಲ್ಲಿನ ಗಣಿಯಲ್ಲವೇನಪ್ಪ?" ಎಂದು ಕೇಳಿದರು. ಸೇಲಂ ಬಳಿಯ ಚಾಕ್ ಹಿಲ್ಸ್‌ನಲ್ಲಿ ಮ್ಯಾಗ್ನಸೈಟ್ ಅಗೆದ ಗುಡ್ಡಗಳು ಬಿಸಿಲಿಗೆ ಹಾಗೆಯೇ ಬೆಳ್ಳಗೆ ಕಾಣುತ್ತವೆ. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅದು ಆಳಕ್ಕೆ ನಾಟಿತು. ಎರಡು ವರ್ಷ ಕುಂಚ ಮುಟ್ಟಲಿಲ್ಲ.

ಬೆಂಗಳೂರಿಗೆ ಹೋಗಿದ್ದಾಗ ಚಿತ್ರಕಲಾ ಪರಿಷತ್ತಿನಲ್ಲಿ ನಿಕೊಲಸ್ ರೋರಿಕ್ ಅವರ ಹಿಮಾಲಯದ ಚಿತ್ರಗಳ ಮುಂದೆ ನಿಂತೆ. 1947ರಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ ತೀರಿಕೊಂಡ ರಷ್ಯಾದ ಆ ಕಲಾವಿದರು ಹೆಚ್ಚಾಗಿ ಬಳಸಿದ್ದು ಟೆಂಪೆರಾ. ಮಾಧ್ಯಮ ಬೇರೆಯಾದರೂ ನನ್ನ ತಪ್ಪು ಅಲ್ಲಿ ನಿಚ್ಚಳವಾಯಿತು. ಅವರ ಹಿಮದಲ್ಲಿ ನೀಲಿಯಿತ್ತು, ನೇರಳೆಯಿತ್ತು, ಗುಲಾಬಿಯಿತ್ತು. ಬರಿಯ ಬಿಳಿಯನ್ನು ಹುಡುಕಬೇಕಿತ್ತು.

ಊರಿಗೆ ಮರಳಿದಾಗ ಅಮ್ಮ ಹಬ್ಬಕ್ಕೆ ಗೋಡೆ ಬಳಿಯಲು ಸುಣ್ಣ ಕದಡುತ್ತಿದ್ದಳು. ಚಿಟಿಕೆ ನೀಲಿ ಹಾಕಿ, "ಇದಿಲ್ಲದಿದ್ದರೆ ಬಿಳುಪು ಏಳೋದಿಲ್ಲ" ಅಂದಳು. ಹುಟ್ಟಿದಂದಿನಿಂದ ಕಂಡ ಕೆಲಸವದು. ಅದನ್ನು ನಾನು ನೋಡಿಯೇ ಇರಲಿಲ್ಲ.

ಮರುದಿನವೇ ಬಣ್ಣದ ಪೆಟ್ಟಿಗೆ ಹೊತ್ತು ಹೊಗೇನಕಲ್ಲಿಗೆ ಹೋದೆ. ಹೊಗೆಯಾಡುವ ಕಲ್ಲು ಎಂದು ನಮ್ಮ ಮಾತೇ ಹೆಸರಿಟ್ಟ ಜಾಗ. ಕಾವೇರಿ ಬಂಡೆಗಳಿಂದ ಧುಮುಕಿ ಎಬ್ಬಿಸುವ ತುಂತುರನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿದೆ. ಬಿಸಿಲು ತಾಗಿದ ಕಡೆ ಅದರ ಬಿಳಿಯಲ್ಲಿ ನಸುಹಳದಿ. ಬಂಡೆಯ ಮರೆಯಲ್ಲಿ ಅದೇ ಬಿಳಿ ನೀಲಿಗೆ ತಿರುಗಿತ್ತು. ಹಿಮದ ನೆರಳೂ ಹೀಗೆಯೇ. ಸೂರ್ಯನ ಬೆಳಕು ತಲುಪದ ಕಡೆ ಅದಕ್ಕೆ ಬೀಳುವುದು ಆಕಾಶದ ನೀಲಿ ಬೆಳಕು. ಫ್ರಾನ್ಸಿನ ಕಲಾವಿದ ಮೋನೆ 1868–69ರ ಚಳಿಗಾಲದಲ್ಲಿ ಬೇಲಿಯ ಮೇಲೆ ಕೂತ ಮ್ಯಾಗ್‌ಪೈ ಹಕ್ಕಿಯನ್ನು ಬರೆದಾಗ, ಹಿಮದ ಮೇಲೆ ಬಿದ್ದ ಬೇಲಿಯ ನೆರಳನ್ನು ನೀಲಿಯಲ್ಲೇ ತೋರಿಸಿದ.

ಈಗ ಹಿಮ ಬರೆಯುವಾಗ ಕ್ಯಾನ್ವಾಸಿಗೆ ಮೊದಲು ತೆಳ್ಳಗೆ ಕಂದು ಬಳಿಯುತ್ತೇನೆ. ಬಿಳಿಯ ಮೇಲೆ ಬಿಳಿಯನ್ನು ಅಳೆಯಲು ಕಣ್ಣಿಗೆ ಆಗದು. ಆಮೇಲೆ ಅಲ್ಟ್ರಾಮರೀನ್ ಬೆರೆಸಿದ ನೆರಳು, ಅದರ ಮೇಲೆ ಚೂರು ಓಕರ್ ಸೇರಿದ ಬಿಸಿಲು. ಟ್ಯೂಬಿನ ಶುದ್ಧ ಬಿಳಿ ಕಟ್ಟಕಡೆಗೆ, ಬೆಳಕು ಹೆಚ್ಚು ಹೊಳೆಯುವ ನಾಲ್ಕೇ ಕಡೆ.

ಆ ಬಂಧುವಿಗೆ ಹೊಸ ಚಿತ್ರ ಕೊಟ್ಟು ಹಳೆಯದನ್ನು ಕೇಳಿ ತಂದೆ. ಅದು ನನ್ನ ಕೋಣೆಯಲ್ಲಿದೆ. ಕುಂಚ ಹಿಡಿಯುವ ಎಳೆಯರಿಗೆ ನಾನು ಹೇಳುವುದು ಇಷ್ಟೇ: ಕಾಣದ ಹಿಮವನ್ನು ಬರೆಯುವ ಆಸೆ ತಪ್ಪಲ್ಲ. ಅದಕ್ಕೆ ಮೊದಲು ನಿಮ್ಮ ಮನೆಯ ಸುಣ್ಣದ ಗೋಡೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೂತು ನೋಡಿ.